ಕ್ಯಾಪ್ಟನ್ ಕಟ್ಟದ ಪಟ್ಟಿ

ಗಿರಿನಗರ, ಬೆಂಗಳೂರು
೨೦ ಸೆಪ್ಟೆಂಬರ್ ೨೦೨೫, ಶನಿವಾರ ಮಧ್ಯಾಹ್ನ

ಬಸವಪ್ರಸಾದ್ ಅವರಿಗೆ ಶರಣು.

ಒಂಬತ್ತು ವರ್ಷ ‘ರೀ’ ಎಂದಷ್ಟೇ ಕರೆದವಳಿಗೆ ನಿಮ್ಮ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ನಿಮ್ಮ ವಕೀಲರ ನೋಟೀಸಿನಲ್ಲಿ ನೀವು ‘ನಮ್ಮ ಕಕ್ಷಿದಾರರು’, ನಾನು ‘ಸದರಿಯವರ ಪತ್ನಿ’. ಅದಕ್ಕಿಂತ ಹೆಸರೇ ವಾಸಿ ಅನ್ನಿಸಿತು.

ಇದನ್ನು ಜಯನಗರದ ಮನೆಗೆ ಕಳಿಸುತ್ತಿಲ್ಲ. ಆ ಮನೆಗೆ ಬಂದ ಲಕೋಟೆಗಳನ್ನೆಲ್ಲ ಮೊದಲು ಒಡೆಯುವುದು ಅತ್ತೆಯವರು. ನನ್ನ ತವರಿನಿಂದ ನನಗೆ ಬಂದ ಕಾಗದಗಳನ್ನೂ ಅವರೇ ಒಡೆದು ಓದಿ ಆಮೇಲೆ ಕೊಡುತ್ತಿದ್ದರು. ಹಾಗಾಗಿ ನಿಮ್ಮ ಬ್ಯಾಂಕಿನ ವಿಳಾಸಕ್ಕೆ, ಮೇಲೆ ‘ಖಾಸಗಿ’ ಎಂದು ಬರೆದು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಇದರಲ್ಲಿರುವುದು ಹಾಗೆ ಬೀಳಬಾರದ ವಿಷಯ. ಓದಿದ ಮೇಲೆ ಹರಿದುಹಾಕಿ.

ನೋಟೀಸು ಬುಧವಾರ ಬಂತು. ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಓದಿದೆ. ವಿಚ್ಛೇದನ ಬೇಕೆಂದು ಕೇಳಿದ್ದೀರಿ. ಅದು ನಾಲ್ಕು ವರ್ಷದಿಂದ ನಾನೂ ಕಾಯುತ್ತಿದ್ದ ಮಾತೇ. ಆದರೆ ಮೂರನೇ ಪ್ಯಾರಾ. ಅದನ್ನು ಇಲ್ಲಿ ನಕಲು ಮಾಡುತ್ತೇನೆ, ನೀವು ಒಮ್ಮೆ ನಿಮ್ಮ ಕಣ್ಣಿನಿಂದ ಓದಲೆಂದು. “ಸದರಿಯವರ ಪತ್ನಿಯು ಗಿರಿನಗರದ ತಮ್ಮ ಬಾಡಿಗೆ ಮನೆಯಲ್ಲಿ ಮೌನೇಶ ಎಂಬ ಇಪ್ಪತ್ತಮೂರು ವರ್ಷದ ವಾಲಿಬಾಲ್ ಆಟಗಾರನೊಂದಿಗೆ ಅನೈತಿಕ ಸಂಬಂಧ ಹೊಂದಿರುತ್ತಾರೆ. ಸದರಿ ವ್ಯಕ್ತಿಯು ತಾನು ಸಲಿಂಗಿಯೆಂದು ಸಾರ್ವಜನಿಕವಾಗಿ ಹೇಳಿಕೊಂಡಿರುವುದು ಈ ಸಂಬಂಧವನ್ನು ಮರೆಮಾಚುವ ತಂತ್ರವಾಗಿರುತ್ತದೆ.”

ಇದನ್ನು ಬರೆಯಲು ಹೇಳಿದ್ದು ಯಾರು? ಅತ್ತೆಯವರೇ ಹೇಳಿರಲಿ, ವಕೀಲರೇ ಹೊಸೆದಿರಲಿ, ಅಂಚೆಗೆ ಹೋಗುವ ಮೊದಲು ನಿಮಗೆ ಓದಿ ಹೇಳಿರುತ್ತಾರೆ. ಆಗ ನೀವು ಯಾವ ಕುರ್ಚಿಯಲ್ಲಿ ಕೂತಿದ್ದಿರಿ, ಯಾವ ಕಡೆ ನೋಡುತ್ತಿದ್ದಿರಿ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಇಡೀ ಬೆಂಗಳೂರಿನಲ್ಲಿ ಆ ವಾಕ್ಯ ಸುಳ್ಳೆಂದು ಸಾಕ್ಷಿ ಬೇಡದೆ ಹೇಳಬಲ್ಲವರು ಇದ್ದರೆ ಅದು ನೀವು.

ನಿಮಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ. ನೀವು ಅದನ್ನು ಮರೆತವರ ಹಾಗೆ ನಡೆದುಕೊಳ್ಳುತ್ತಿದ್ದೀರಿ.

೨೦೧೨ರಲ್ಲಿ ನಮ್ಮ ಮದುವೆಯಾದಾಗ ನನಗೆ ಇಪ್ಪತ್ತಮೂರು. ನೀವು ರಾಜ್ಯದ ವಾಲಿಬಾಲ್ ತಂಡಕ್ಕೆ ಆಡಿದವರು, ಬ್ಯಾಂಕಿನಲ್ಲಿ ಕ್ರೀಡಾ ಕೋಟಾದ ಕೆಲಸ, ಸಿಗರೇಟಿಲ್ಲ, ಕುಡಿತವಿಲ್ಲ. ನಮ್ಮ ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ನೀವು ನನ್ನನ್ನು ಒಂದು ದಿನವೂ ಗದರಲಿಲ್ಲ. ಹತ್ತಿರವೂ ಬರಲಿಲ್ಲ. ಅಭ್ಯಾಸದ ಸುಸ್ತು, ಪಂದ್ಯದ ಒತ್ತಡ, ಮಂಡಿ ನೋವು. ನಾನು ಕನ್ನಡಿಯ ಮುಂದೆ ನಿಂತು ನನ್ನಲ್ಲಿ ಏನು ಕಡಿಮೆ ಎಂದು ಹುಡುಕುತ್ತಿದ್ದೆ. ಎರಡು ವರ್ಷವಾಗುತ್ತಲೇ ಅತ್ತೆಯವರು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಶುರುಮಾಡಿದರು. ಡಾಕ್ಟರು ನಿಮ್ಮನ್ನೂ ಕರೆತನ್ನಿ ಎಂದಾಗ ಡಾಕ್ಟರನ್ನೇ ಬದಲಿಸಿದರು.

೨೦೧೮ರ ಸೆಪ್ಟೆಂಬರ್. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ತೀರ್ಪು ಪತ್ರಿಕೆಯಲ್ಲಿ ಬಂದ ವಾರ. ನೀವು ಬೆಳಿಗ್ಗೆ ವಾಕಿಂಗ್ ಹೋಗೋಣ ಬಾ ಎಂದಿರಿ. ಜಯನಗರದಲ್ಲಿ ಅಷ್ಟೊಂದು ಪಾರ್ಕಿದ್ದರೂ ಸ್ಕೂಟರಿನಲ್ಲಿ ಪುಟ್ಟೇನಹಳ್ಳಿ ಕೆರೆಯವರೆಗೆ ಕರೆದೊಯ್ದಿರಿ, ಗುರುತಿನವರು ಯಾರೂ ಸಿಗಬಾರದೆಂದು. ಬೆಂಚಿನ ಮೇಲೆ ಕೂತು ನನ್ನ ಮುಖ ನೋಡದೆ ಹೇಳಿದಿರಿ: “ತಪ್ಪು ನಿಂದಲ್ಲ ಮೇಘಾ. ನಂಗೆ ಹೆಂಗಸರ ಮೇಲೆ ಮನಸ್ಸೇ ಹೋಗಲ್ಲ. ಚಿಕ್ಕವನಿದ್ದಾಗಿಂದ ಹಿಂಗೇ. ಮದ್ವೆ ಆದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ.” ಆಮೇಲೆ, ಇದು ಹೊರಗೆ ಗೊತ್ತಾದರೆ ನಾನು ಬದುಕಿರಲ್ಲ ಎಂದಿರಿ. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿರಿ.

ಅವತ್ತು ನನಗೆ ಸಿಟ್ಟು ಬರಲಿಲ್ಲ ಎಂದರೆ ನಂಬುತ್ತೀರಾ? ಆರು ವರ್ಷ ನನ್ನ ಮೈಯನ್ನು ನಾನೇ ಬೈದುಕೊಂಡಿದ್ದೆ. ಅದರ ತಪ್ಪಿಲ್ಲ ಎಂದು ತಿಳಿದು ಮೊದಲು ಆದದ್ದು ನಿರಾಳ. ನಿಮ್ಮ ಬೆನ್ನು ಸವರಿದ್ದೆ. ನೀವು ಅತ್ತಿರಿ. ಇನ್ನು ನಾವಿಬ್ಬರೂ ಒಂದು ಕಡೆ, ಲೋಕ ಇನ್ನೊಂದು ಕಡೆ ಎಂದು ಭಾವಿಸಿದ್ದೆ. ಅದು ನನ್ನ ದಡ್ಡತನ.

ಆ ವಾರವೇ ಅತ್ತೆಯವರು ತುಮಕೂರಿನಿಂದ ಹೊಸದೊಂದು ಕಷಾಯದ ಪುಡಿ ತರಿಸಿದರು. ಮಕ್ಕಳಾಗಲು. ದಿನವೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಅವರೇ ಎದುರಿಗೆ ನಿಂತು ಕುಡಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ನೀವು ಇಡ್ಲಿ ತಿನ್ನುತ್ತಿದ್ದಿರಿ. ಅದರಿಂದ ಏನೂ ಆಗದೆಂದು ಗೊತ್ತಿದ್ದ ನಾವಿಬ್ಬರೂ ಆ ಮೇಜಿನ ಬಳಿ ಸುಮ್ಮನಿದ್ದೆವು. “ಸಾಕು ಅಮ್ಮ, ಬಿಟ್ಟುಬಿಡು ಅವಳನ್ನ” ಎಂದು ನೀವು ಹೇಳುತ್ತೀರೆಂದು ಮೂರು ವರ್ಷ ಕಾದೆ. ಕಾರಣ ಹೇಳಬೇಕಾಗಿರಲಿಲ್ಲ. ಅಷ್ಟೇ ಸಾಕಿತ್ತು.

೨೦೨೧ರಲ್ಲಿ ನಾನು ಹೊರಟಾಗ ನೆರೆಯವರಿಗೆಲ್ಲ ಕೇಳಿಸುವಂತೆ ಅತ್ತೆಯವರು “ಬಂಜೆಗೆ ಇಷ್ಟು ಸೊಕ್ಕು ನೋಡಿ” ಎಂದರು. ಮಾವನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನೀವು ಗೇಟಿನ ಹತ್ತಿರ ಬಗ್ಗಿ ಅಭ್ಯಾಸಕ್ಕೆ ಹೋಗುವ ಶೂಗೆ ಲೇಸು ಕಟ್ಟುತ್ತಿದ್ದಿರಿ. ನನ್ನ ಆಟೋ ಬರುವವರೆಗೂ ಕಟ್ಟುತ್ತಲೇ ಇದ್ದಿರಿ. ನನ್ನ ಅಣ್ಣನಿಗೆ, ನನ್ನ ತಾಯಿಗೆ, ಶಾಲೆಯಲ್ಲಿ ಯಾರಿಗೂ ನಾನು ಕಾರಣ ಹೇಳಲಿಲ್ಲ. ಹೊಂದಾಣಿಕೆ ಆಗಲಿಲ್ಲ ಎಂದೆ. ತಾಯಿ ಸಾಯುವ ದಿನದವರೆಗೂ ನನ್ನ ಹಟಮಾರಿತನದಿಂದ ಸಂಸಾರ ಮುರಿಯಿತೆಂದೇ ನಂಬಿದ್ದರು.

ಇದೆಲ್ಲ ನನ್ನ ಪಾಲಿನದು. ಇದಕ್ಕಾಗಿ ನಾನು ಪತ್ರ ಬರೆಯುತ್ತಿರಲಿಲ್ಲ. ಮೌನೇಶನಿಗಾಗಿ ಬರೆಯುತ್ತಿದ್ದೇನೆ.

ನಾನು ಆ ಮನೆಯಲ್ಲಿದ್ದ ಕೊನೆಯ ದೀಪಾವಳಿಗೆ ನೀವೇ ಅವನನ್ನು ಊಟಕ್ಕೆ ಕರೆತಂದಿದ್ದಿರಿ. ಸುರಪುರದ ಕಡೆಯ ಹುಡುಗ, ಆಗ ಹದಿನೆಂಟು, ಉದ್ದ ಕೈ, ನಾಚಿಕೆ. ಒಳ್ಳೆಯ ಲಿಫ್ಟರ್ ಆಗುತ್ತಾನೆ, ಇವನು ಚೆಂಡು ಎತ್ತಿಕೊಟ್ಟರೆ ಸ್ಮ್ಯಾಶ್ ಹೊಡೆಯುವವನು ಕಣ್ಣು ಮುಚ್ಚಿ ಹೊಡೆಯಬಹುದು ಎಂದು ಹೊಗಳಿದ್ದಿರಿ. ಹೋಳಿಗೆ ಎರಡನೇ ಸಲ ಬಡಿಸಿದಾಗ “ಸಾಕ್ರಿ ಅಕ್ಕಾರ” ಎಂದು ಎಲೆಗೆ ಅಡ್ಡ ಕೈ ಹಿಡಿದಿದ್ದ. ಆಮೇಲೆ ನಿಮ್ಮ ತಂಡ, ದಕ್ಷಿಣ ಸ್ಪೈಕರ್ಸ್, ಲೀಗಿಗೆ ಬಂತು. ನೀವು ಕ್ಯಾಪ್ಟನ್, ಅವನು ಲಿಫ್ಟರ್. ನಾನು ಮನೆ ಬಿಟ್ಟ ಮೇಲೂ ಹಬ್ಬಕ್ಕೆ ಅವನ ಫೋನ್ ಬರುತ್ತಿತ್ತು.

ಈ ಮೇ ತಿಂಗಳಲ್ಲಿ ಅವನು ಇನ್‌ಸ್ಟಾಗ್ರಾಮಿನಲ್ಲಿ ತಾನು ಸಲಿಂಗಿ ಎಂದು ಬರೆದ. ಕೆಳಗೆ ಜನ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಲೀಗಿನವರಿಗೆ ಪ್ರಾಯೋಜಕರು ಯಾರೋ ಸಲಹೆ ಕೊಟ್ಟರಂತೆ. ಜೂನ್ ಇಪ್ಪತ್ತೆರಡರ ಪಂದ್ಯಕ್ಕೆ ಅವನಿಗೆ ಬೆಂಬಲವಾಗಿ ತಂಡದವರೆಲ್ಲ ಮಣಿಕಟ್ಟಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಟ್ಟಬೇಕೆಂದು ಪ್ರಕಟಿಸಿದರು. ನಾಲ್ಕು ದಿನ ಮೊದಲು, ಬುಧವಾರ, ನೀವು ಮೈಕುಗಳ ಮುಂದೆ ಕೂತಿರಿ. ಆ ವಿಡಿಯೋ ನನ್ನ ಫೋನಿಗೂ ಬಂತು. “ನಾವು ಆಟ ಆಡೋಕೆ ಬಂದಿರೋರು. ಇದನ್ನ ಕಟ್ಟಿ, ಅದನ್ನ ಬೆಂಬಲಿಸಿ ಅಂತ ಬಲವಂತ ಮಾಡೋ ಹಕ್ಕು ಯಾರಿಗೂ ಇಲ್ಲ. ನಾನಂತೂ ಕಟ್ಟಲ್ಲ. ಯಾರ ಮನೇಲಿ ಏನ್ ನಡೆಯುತ್ತೆ ಅನ್ನೋದು ಅಂಕಣಕ್ಕೆ ಬರಬಾರದು.”

ಯಾರ ಮನೆಯಲ್ಲಿ ಏನು ನಡೆಯುತ್ತದೆ. ನಾನು ಫೋನನ್ನು ಮಗುಚಿ ಇಟ್ಟೆ.

ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಪಿ.ಟಿ. ಮೇಷ್ಟ್ರು ಲಕ್ಕಪ್ಪನವರು ನಿಮ್ಮ ಪರ. “ಕ್ಯಾಪ್ಟನ್ ಹೇಳಿದ್ದು ಕರೆಕ್ಟ್ ಗುರೂ. ಆಟಗಾರನ್ನ ಆಡೋಕೆ ಬಿಡಿ. ನಾಳೆ ಇನ್ಯಾವ್ದೋ ಬಾವುಟ ಹಿಡಿ ಅಂತಾರೆ, ಹಿಡಿದೇ ಇದ್ರೆ ದ್ರೋಹಿ ಅಂತಾರೆ.” ಕಂಪ್ಯೂಟರ್ ಕಲಿಸುವ ಸ್ಪಂದನಾ ಬಿಡಲಿಲ್ಲ. “ಎದೆ ಮೇಲೆ ಪಾನ್ ಮಸಾಲಾ ಹೆಸರು ಹಾಕ್ಕೊಂಡು ಆಡ್ತಾರಲ್ಲ ಸಾರ್, ಆಗ ಎಲ್ಲಿ ಹೋಗಿತ್ತು ಈ ಮನಸ್ಸಾಕ್ಷಿ? ಅವರದೇ ಟೀಮಿನ ಹುಡುಗನಿಗೆ ಜನ ಉಗೀತಿದಾರೆ. ಒಂದು ಪಟ್ಟಿ ಕಟ್ಟಿದ್ರೆ ಕೈ ಸವೆದುಹೋಗುತ್ತಾ?” ಇಬ್ಬರೂ ನನ್ನ ಕಡೆ ತಿರುಗಿದರು. ನೀವು ನನ್ನ ಗಂಡ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಒಂಬತ್ತನೇ ತರಗತಿಯ ಕನ್ನಡ ನೋಟ್ಸು ತಿದ್ದುತ್ತಲೇ ಇದ್ದೆ.

ಬಾಯಿ ತೆರೆದಿದ್ದರೆ ನಾನು ಲಕ್ಕಪ್ಪನವರ ಕಡೆಗೇ ಸ್ವಲ್ಪ ವಾಲುತ್ತಿದ್ದೆನೇನೋ. ಎಲ್ಲರೂ ಕಟ್ಟಲೇಬೇಕು ಎಂದು ಕಟ್ಟಿಸಿದ ಪಟ್ಟಿಯಿಂದ ಮೌನೇಶನಿಗೆ ಏನು ಬಂದಂತಾಯಿತು? ಅದಕ್ಕಿಂತ ಹೆಚ್ಚಾಗಿ, ಅವಿತು ಬದುಕುತ್ತಿರುವವನ ಕೈಗೆ ಅದನ್ನು ಕೊಟ್ಟು ಕ್ಯಾಮೆರಾ ಮುಂದೆ ಕಟ್ಟಿಕೋ ಎಂದರೆ ಅವನಿಗೆ ಏನಾಗುತ್ತದೆಂದು ನನಗೆ ಗೊತ್ತು. ನಿಮ್ಮ ಬೆನ್ನು ಸವರಿದವಳು ನಾನು. ನೀವು ಸುಮ್ಮನೆ ಕಟ್ಟದೆ ಹೋಗಿದ್ದರೆ, ಮಣಿಕಟ್ಟು ಉಳುಕಿದೆ ಎಂದು ಹೇಳಿದ್ದರೂ, ನಾನು ಒಂದು ಮಾತು ಆಡುತ್ತಿರಲಿಲ್ಲ. ನೀವು ಮೈಕು ಕೇಳಿ ಇಸಿದುಕೊಂಡು ಹೇಳಿದಿರಿ. ನಿಮ್ಮ ಮೇಲೆ ಯಾರಿಗೂ ಸಂಶಯ ಬಾರದಿರಲೆಂದು ಅವನನ್ನು ಮೆಟ್ಟಿ ನಿಂತು ಹೇಳಿದಿರಿ.

ಅದೇ ಗುರುವಾರ ಸಂಜೆ ಅವನು ನನ್ನ ಮನೆಗೆ ಬಂದ. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಕಳೆದ ವರ್ಷ ಡ್ರೆಸ್ಸಿಂಗ್ ರೂಮಿನಲ್ಲಿ ಅವನೊಬ್ಬನೇ ಅಳುತ್ತ ಕೂತಿದ್ದನಂತೆ. ಊರಿನಲ್ಲಿ ಹೆಣ್ಣು ನೋಡಿದ್ದರು, ಸಾಯುವುದೇ ಲೇಸು ಅನ್ನಿಸಿತ್ತಂತೆ. ನೀವು ಬಾಗಿಲು ಹಾಕಿ ಬಂದು ಪಕ್ಕ ಕೂತು, “ಹೆದರ್ಬೇಡ ಕಣೋ. ನೀನೊಬ್ಬನೇ ಅಲ್ಲ” ಎಂದಿರಂತೆ. ಅಷ್ಟು ಹೇಳಿ ಎದ್ದು ಹೋದಿರಂತೆ.

“ಆ ಮಾತು ಹಿಡಕೊಂಡು ನಾ ಧೈರ್ಯ ಮಾಡೀನ್ರಿ ಅಕ್ಕಾರ,” ಎಂದ. “ಇಲ್ಲಂದ್ರ ನಾ ಬರೀತಿರ್ಲಿಲ್ಲ. ಈಗ ಪ್ರೆಸ್ಸಿನವರ ಮುಂದ ಹಂಗ್ಯಾಕ ಅಂದ್ರೋ ಗೊತ್ತಾಗವಲ್ದು. ನೀವೊಂದು ಮಾತು ಹೇಳ್ರಿ. ಎಲ್ಲಾರೂ ಕಟ್ಟೂದು ಬ್ಯಾಡ. ಸರ್ ಒಬ್ಬರು ಕಟ್ಟಿದ್ರ ಸಾಕ್ರಿ. ಕಟ್ಟದಿದ್ರೂ ಅಡ್ಡಿಯಿಲ್ಲ, ನನ್ನ ಬಾಜೂಕ ನಿಂತ್ರ ಸಾಕು.”

ಅವನಿಗೆ ನಿಮ್ಮ ವಿಷಯ ಎಷ್ಟು ಅರ್ಥವಾಗಿತ್ತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರೂ ಅದನ್ನು ಮುಟ್ಟದೆ ಸುತ್ತಿಬಳಸಿ ಮಾತಾಡಿದೆವು. ಹೇಳ್ತೀನಿ ಎಂದು ಅವನನ್ನು ಕಳಿಸಿದೆ.

ನಾನು ನಿಮಗೆ ಫೋನ್ ಮಾಡಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಮುಂದೆ ಬರೆದರೆ ನಾನೂ ನಿಮ್ಮ ವಕೀಲರ ಸಾಲಿಗೆ ಸೇರುತ್ತೇನೆ. ನೀವು ಎತ್ತುವುದಿಲ್ಲ ಎಂಬುದು ನೆಪ. ಎತ್ತದಿದ್ದರೆ ಬ್ಯಾಂಕಿಗೆ ಬರಬಹುದಿತ್ತು. ನಿಜ ಏನೆಂದರೆ, ಹೊಟ್ಟೆ ಉರಿಯಿತು. ನನಗೆ ಆ ಒಂದು ಮಾತು ಹೇಳಲು ನಿಮಗೆ ಆರು ವರ್ಷ ಹಿಡಿಯಿತು, ಹೇಳಿದ ಮೇಲೆ ನನ್ನ ಬಾಯಿಗೆ ಬೀಗ ಹಾಕಿದಿರಿ. ಅವನು ಕೇಳದಿದ್ದರೂ ನೀವೇ ಹೋಗಿ ಅವನಿಗೆ ಹೇಳಿದಿರಿ. ನೋಡೋಣ, ಅವನ ಪಕ್ಕದಲ್ಲಾದರೂ ನಿಲ್ಲುತ್ತಾರೋ ಎಂದು ಕೈಕಟ್ಟಿ ಕೂತೆ. ಇಪ್ಪತ್ತಮೂರು ವರ್ಷದವನೊಬ್ಬನನ್ನು ನಿಮ್ಮ ಪರೀಕ್ಷೆಗೆ ಒಡ್ಡಿದೆ.

ಭಾನುವಾರ ಅವನು ಕಳಿಸಿದ ಪಾಸಿನಲ್ಲಿ ನಾನೂ ಸ್ಟೇಡಿಯಮ್ಮಿಗೆ ಬಂದಿದ್ದೆ. ನಿಮಗೆ ಗೊತ್ತಿಲ್ಲ. ನಿಮ್ಮ ಮಾತಿನ ನಂತರ ತಂಡದಲ್ಲಿ ಪಟ್ಟಿ ಕಟ್ಟಿದವರು ಮೂವರೇ: ಮೌನೇಶ, ಆ ಹೊರದೇಶದ ಆಟಗಾರ, ಮತ್ತೆ ಮಾಧವ. ಮೊದಲ ಸೆಟ್ಟು ಮುಗಿಯುತ್ತಲೇ ಮಾಧವ ನೀರು ಕುಡಿಯುವ ನೆಪದಲ್ಲಿ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡ. ಮೌನೇಶ ಸರ್ವಿಸ್‌ಗೆ ಹೋದಾಗಲೆಲ್ಲ ನನ್ನ ಹಿಂದಿನ ಸಾಲಿನ ಗಂಡಸರು ಮುತ್ತು ಕೊಡುವ ಸದ್ದು ಮಾಡುತ್ತಿದ್ದರು. ಮಕ್ಕಳನ್ನು ಕರೆತಂದಿದ್ದವರೂ ನಗುತ್ತಿದ್ದರು. ನಾನು ತಿರುಗಿ ಒಂದು ಮಾತು ಅನ್ನಲಿಲ್ಲ.

ಅವನು ಎತ್ತಿಕೊಟ್ಟ ಚೆಂಡುಗಳನ್ನೇ ಹೊಡೆದು ನೀವು ಅಂದು ಗೆಲ್ಲಿಸಿದಿರಿ. ಮೂವತ್ತೆಂಟನೇ ವಯಸ್ಸಿನಲ್ಲಿ ಏನು ಸ್ಮ್ಯಾಶ್ ಎಂದು ಟೀವಿಯವರು ಹೊಗಳಿದರು. ಪ್ರತಿ ಪಾಯಿಂಟಿನ ನಂತರ ನೀವು ಆರೂ ಜನ ಅಂಕಣದ ನಡುವೆ ಸೇರಿ ಅಂಗೈಗೆ ಅಂಗೈ ತಟ್ಟುತ್ತೀರಲ್ಲ, ಮೊದಲ ಪಾಯಿಂಟಿಗೆ ಅವನು ಕೈ ಚಾಚಿದ. ನೀವು ಎಲ್ಲರ ಕೈ ತಟ್ಟಿ, ಅವನ ಸರದಿ ಬಂದಾಗ ಬಲೆಯ ಕಡೆ ತಿರುಗಿದಿರಿ. ಎರಡನೇ ಸಲವೂ ಹಾಗೇ. ಆಮೇಲೆ ಅವನು ಆ ಗುಂಪಿಗೆ ಬರುವುದನ್ನೇ ಬಿಟ್ಟ. ಹಿಂದಿನ ಗೆರೆಯ ಹತ್ತಿರ ನಿಂತು ತನ್ನ ತೊಡೆಗೆ ತಾನೇ ಕೈ ಒರೆಸಿಕೊಳ್ಳುತ್ತಿದ್ದ. ಪಟ್ಟಿ ಕಟ್ಟದಿರುವುದು ನಿಮ್ಮ ಹಕ್ಕು, ಒಪ್ಪಿದೆ. ಅಂಗೈ ತಟ್ಟಲು ಯಾವ ಪ್ರಾಯೋಜಕರು ಬಲವಂತ ಮಾಡಿದ್ದರು? ಐದು ವರ್ಷದಿಂದ ತಟ್ಟಿದ ಕೈ ಅದು.

ಪಂದ್ಯ ಮುಗಿದ ಮೇಲೆ ಗೇಟಿನ ಬಳಿ ಸಿಕ್ಕ. ಪಟ್ಟಿ ಇನ್ನೂ ಕೈಯಲ್ಲೇ ಇತ್ತು. ನನ್ನನ್ನು ಕಂಡು ಹತ್ತಿರ ಬಂದು, “ಸರ್ ಇವತ್ತ ಭಾಳ ಚಲೋ ಆಡಿದ್ರು ಅಲ್ರೀ” ಎಂದ.

ಮುಂದಿನದು ನಿಮಗೆ ಅರ್ಧ ಗೊತ್ತು. ಫಾರ್ಮ್ ಸರಿಯಿಲ್ಲ ಎಂದು ಅವನನ್ನು ತಂಡದಿಂದ ಕೈಬಿಟ್ಟರು. ಕ್ಯಾಪ್ಟನ್ ಅಭಿಪ್ರಾಯ ಕೇಳಿಯೇ ಬಿಟ್ಟರೆಂದು ಮಾಧವ ಹೇಳಿದನಂತೆ. ಬಿಟಿಎಮ್ಮಿನ ಬಾಡಿಗೆ ಮನೆಯ ಮಾಲೀಕರು ಮಗಳ ಮದುವೆಗೆ ರೂಮು ಬೇಕೆಂದು ಖಾಲಿ ಮಾಡಿಸಿದರು. ಅವರಿಗೆ ಮಗಳೇ ಇಲ್ಲ. ಊರಿಗೆ ಹೋಗುವಂತಿರಲಿಲ್ಲ, ಅವನ ಅಪ್ಪ ಫೋನಿನಲ್ಲಿ ನಿನ್ನ ಪಾಲಿಗೆ ಊರಿಲ್ಲ ಎಂದಿದ್ದರು. ಜುಲೈ ಮೊದಲ ವಾರ ಎರಡು ಬ್ಯಾಗು ಹಿಡಿದು ನನ್ನ ಬಾಗಿಲಿಗೆ ಬಂದ. ಮಹಡಿಯ ಮೇಲಿನ ಸಾಮಾನು ಕೋಣೆ ಖಾಲಿ ಮಾಡಿಕೊಟ್ಟೆ. ಮೂರು ವಾರ ಇದ್ದ. ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದ, ಬೇಡವೆಂದರೂ ಕೇಳುತ್ತಿರಲಿಲ್ಲ. ಜೋಳದ ರೊಟ್ಟಿ ತಟ್ಟುವುದು ನನಗೆ ಬರದು, ಅವನೇ ತಟ್ಟಿ ನನಗೂ ಎರಡು ಮುಚ್ಚಿಡುತ್ತಿದ್ದ. ಆ ಮೂರು ವಾರ ನನ್ನ ಮನೆಯಲ್ಲಿ ಮಾತು ಇತ್ತು.

ಗಂಡನನ್ನು ಬಿಟ್ಟ ಹೆಂಗಸಿನ ಮನೆಯಲ್ಲಿ ಹರೆಯದ ಗಂಡಸು. ಬೀದಿಗೆ ಅಷ್ಟು ಸಾಕಾಯಿತು. ಅವನು ಪಟ್ಟಿ ಕಟ್ಟಿದಾಗ ಅವನನ್ನು ಗಂಡಸೇ ಅಲ್ಲ ಎಂದವರೇ, ನನ್ನ ಮನೆಗೆ ಬಂದ ಕೂಡಲೇ ಅವನನ್ನು ಭಾರಿ ಗಂಡಸು ಮಾಡಿದರು. ಎದುರುಮನೆಯಾಕೆಯ ನಾದಿನಿ ನಿಮ್ಮ ಅಮ್ಮನ ಭಜನಾ ಮಂಡಳಿಯವರು. ಒಂದು ಸಂಜೆ ಅತ್ತೆಯವರ ಫೋನ್ ಬಂತು, ನಾಲ್ಕು ವರ್ಷದಲ್ಲಿ ಮೊದಲ ಸಲ.

“ನಮ್ಮನೇಲಿದ್ದಾಗ ಬರಡು. ಈಗ ಎಳೇ ಹುಡುಗನೇ ಬೇಕಾಯ್ತಾ ನಿಂಗೆ? ನನ್ನ ಮಗನಿಗೆ ದಾವಣಗೆರೇಲಿ ಹೆಣ್ಣು ನೋಡಿದೀವಿ. ಶ್ವೇತಾ ಅಂತ, ಚಿನ್ನದಂಥ ಹುಡುಗಿ. ನೀನು ಬಿಡುಗಡೆ ಕೊಟ್ಟು ಆಚೆ ನಡಿ. ಕೊಡ್ದೇ ಇದ್ರೆ ಹೆಂಗೆ ತಗೋಬೇಕೋ ನಮಗೆ ಗೊತ್ತು.”

ಅವರು ಉಸಿರು ತೆಗೆದುಕೊಳ್ಳುವ ನಡುವೆ ಹಿಂದೆ ನಿಮ್ಮ ಕೆಮ್ಮು ಕೇಳಿಸಿತು. ನೀವು ಅಲ್ಲೇ ಇದ್ದಿರಿ. ಆ ಮೇಜಿನ ಬಳಿಯೇ ಇದ್ದಿರಬೇಕು. “ಅಮ್ಮ, ಅದು ಸುಳ್ಳು” ಎಂಬ ಒಂದು ಮಾತು ಸಾಕಿತ್ತು. ಅದಕ್ಕೂ ಕಾರಣ ಹೇಳಬೇಕಾಗಿರಲಿಲ್ಲ.

ಮೌನೇಶ ಮೆಟ್ಟಿಲ ಮೇಲೆ ನಿಂತು ನನ್ನ ಮುಖ ನೋಡುತ್ತಿದ್ದ. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಕೋಣೆ ಗುಡಿಸಿ, ಹಾಸಿಗೆ ಮಡಿಸಿಟ್ಟು ಹೋಗಿದ್ದ. “ನನ್ನಿಂದ ನಿಮ್ಮ ಹೆಸರು ಕೆಡಬಾರದು” ಎಂದು ನನಗೊಂದು ಚೀಟಿ. ಅರೆಕೆರೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ವಾಲಿಬಾಲ್ ಕಲಿಸುವ ಕೆಲಸ ಸಿಕ್ಕಿತು. ಎರಡು ವಾರಕ್ಕೆ ತಾಯಂದಿರು ಯಾರೋ ಅವನ ಹೆಸರನ್ನು ಗೂಗಲ್ ಮಾಡಿದರು, ಬೇಡವೆಂದರು. ಈಗ ಒಂದು ಔಷಧಿ ಗೋಡೌನಿನಲ್ಲಿ ಡಬ್ಬಿಗಳಿಗೆ ಟೇಪು ಸುತ್ತುತ್ತಾನೆ. ಕಣ್ಣು ಮುಚ್ಚಿ ಹೊಡೆಯಬಹುದು ಎಂದಿದ್ದಿರಲ್ಲ, ಆ ಕೈಯಲ್ಲಿ.

ಈಗ ನನ್ನ ಉತ್ತರ. ನನ್ನ ವಕೀಲರು ಅರ್ಪಿತ ಎಂಬವರು, ಬನಶಂಕರಿಯಲ್ಲಿ ಆಫೀಸು. ನೋಟೀಸು ಓದಿ ಅವರು, “ಮೇಡಂ, ಬರೀ ಸುಳ್ಳು ಅಂದ್ರೆ ಸಾಲಲ್ಲ. ಒಂಬತ್ತು ವರ್ಷ ನಿಮ್ಮಿಬ್ಬರ ಮಧ್ಯೆ ಏನಿರಲಿಲ್ಲ, ಯಾಕಿರಲಿಲ್ಲ, ಒಂದು ಪ್ಯಾರಾ ಬರೆಯೋಣ. ಅಲ್ಲಿಗೆ ಅವರೇ ವಾಪಸ್ ತಗೋತಾರೆ” ಎಂದರು. ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತು. ನಾನು ಒಪ್ಪಲಿಲ್ಲ. ಅದು ಇನ್ನೊಬ್ಬರು ಹೇಳುವ ಮಾತಲ್ಲ, ಹೇಳಿದರೆ ನೀವೇ ಹೇಳಬೇಕು ಎಂದೆ. ಕೆರೆಯ ದಡದಲ್ಲಿ ಕೊಟ್ಟ ಮಾತನ್ನು ನಾನು ಉಳಿಸಿಕೊಂಡಿದ್ದೇನೆ. ನಮ್ಮ ಉತ್ತರದಲ್ಲಿ ಆ ವಿಷಯವಿಲ್ಲ.

ಬದಲಿಗೆ ಎರಡು ಕೆಲಸ ಕೇಳುತ್ತೇನೆ. ಮೂರನೇ ಪ್ಯಾರಾವನ್ನು ಬರಹದಲ್ಲಿ ಹಿಂತೆಗೆದುಕೊಳ್ಳಿ. ಹಿಂತೆಗೆದುಕೊಂಡರೆ ಇಬ್ಬರ ಒಪ್ಪಿಗೆಯ ವಿಚ್ಛೇದನಕ್ಕೆ ನೀವು ಹೇಳಿದ ದಿನ ಬಂದು ಸಹಿ ಹಾಕುತ್ತೇನೆ. ಮತ್ತೆ, ದಾವಣಗೆರೆಗೆ ಹೋಗಿ. ಆ ಶ್ವೇತಾಳನ್ನು ಒಬ್ಬಳನ್ನೇ ಕೂರಿಸಿಕೊಂಡು, ನನಗೆ ಹೇಳಿದ್ದನ್ನು ಮದುವೆಗೆ ಮೊದಲು ಹೇಳಿ. ಅಥವಾ ಆ ಸಂಬಂಧ ಬೇಡವೆನ್ನಿ. ನಿಮ್ಮಿಂದ ಎರಡೂ ಆಗದಿದ್ದರೆ ನಾನೇ ಬಸ್ಸು ಹತ್ತುತ್ತೇನೆ. ಪ್ರೆಸ್ಸಿಗೆ ಹೋಗುವುದಿಲ್ಲ, ಕೋರ್ಟಿಗೆ ಹೇಳುವುದಿಲ್ಲ. ಆ ಹುಡುಗಿಗೆ ಮಾತ್ರ ಹೇಳುತ್ತೇನೆ. ಇನ್ನೊಬ್ಬಳು ಆ ಕಷಾಯ ಕುಡಿಯುವುದಕ್ಕೆ ನಾನು ಬಿಡುವುದಿಲ್ಲ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮಷ್ಟೇ ದಿನ ಅದರೊಂದಿಗೆ ನಾನೂ ಸಂಸಾರ ಮಾಡಿದ್ದೇನೆ. ಒಂದು ಕಾಲಕ್ಕೆ ಅದಕ್ಕಾಗಿ ನಿಮ್ಮ ಮೇಲೆ ಮರುಕವಿತ್ತು. ಈಗ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಆರೋಗ್ಯ ನೋಡಿಕೊಳ್ಳಿ. ಎಡ ಮಂಡಿಗೆ ಪಟ್ಟಿ ಹಾಕದೆ ಆಡಿದಿರಿ ಅಂದು, ಇಳಿಯುವಾಗ ಕುಂಟುತ್ತಿದ್ದಿರಿ.

ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿ,
ಮೇಘಶ್ರೀ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಇದರಲ್ಲಿ ಒಂದು ಸುಳ್ಳಿದೆ, ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಕೊಟ್ಟ ಮಾತನ್ನು ನಾನು ಉಳಿಸಿಕೊಂಡಿಲ್ಲ. ಅರ್ಪಿತ ಆ ಪ್ಯಾರಾ ಕೇಳಿದ ಕೂಡಲೇ ನಾನೇ ಹೇಳುತ್ತ ಹೋಗಿ ಬರೆಸಿದೆ. ಕೆರೆ, ಬೆಂಚು, ತೀರ್ಪು ಬಂದ ವಾರ, ನಿಮ್ಮ ಬಾಯಿಂದ ಬಂದ ಒಂದೊಂದು ಪದ. ಟೈಪಾಯಿತು, ಸಹಿ ಹಾಕಿದೆ. ಹಾಕುವಾಗ ಖುಷಿಯೂ ಆಯಿತು. ಡ್ರೆಸ್ಸಿಂಗ್ ರೂಮಿನ ಮಾತಿಗೆ ಮೌನೇಶನ ಹೇಳಿಕೆ ಬೇಕೆಂದು ನಿನ್ನೆ ಅವನನ್ನು ಕರೆಸಿದೆವು. ಅವನು ನಿಧಾನಕ್ಕೆ ಎರಡು ಸಲ ಓದಿ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ. “ನನ್ನದು ನಾ ನನ್ನ ಬಾಯಿಲೆ ಹೇಳೀನ್ರಿ ಅಕ್ಕಾರ. ಸರ್‌ದು ನೀವು ಹೇಳಬ್ಯಾಡ್ರಿ. ಅವರು ಸತ್ತಗಿತ್ತಾರು” ಎಂದ. ಅವನು ಇವತ್ತಿಗೂ ನಿಮ್ಮನ್ನು ಸರ್ ಎನ್ನುತ್ತಾನೆ.

ನಾನು ಅವನಷ್ಟು ಒಳ್ಳೆಯವಳಲ್ಲ. ಅವನು ಹರಿದದ್ದು ಕಾಗದ. ಅರ್ಪಿತ ಅವರ ಕಂಪ್ಯೂಟರಿನಲ್ಲಿ ಆ ಪ್ಯಾರಾ ಹಾಗೇ ಇದೆ, ಅಳಿಸಿ ಎಂದು ನಾನು ಹೇಳಿಲ್ಲ.